ಹದ್ದಿನ ಬಂಗಲೆಯ ಚಿಲಕ

ಅಷ್ಟೆಲ್ಲ ರಾದ್ಧಾಂತಕ್ಕೆ ಕಾರಣ ಒಂದು ಚಿಲಕ. ಅದು ಕೆಟ್ಟ ಚಿಲಕವಾಗಿದ್ದರೆ ಕತೆಯೇ ಇರುತ್ತಿರಲಿಲ್ಲ. ಅಳತೆಯಣ್ಣ ಕೈಯಾರೆ ಮಾಡಿದ ಚಿಲಕ ಅದು. ಬಾಗಿಲು ಮುಚ್ಚಿಕೊಂಡ ಕೂಡಲೇ ತಾನಾಗಿ ‘ಟಕ್’ ಎಂದು ಬೀಳುತ್ತಿತ್ತು. ಬಿದ್ದ ಮೇಲೆ, ಹೊರಗಿನಿಂದ ಯಾರಾದರೂ ಎತ್ತುವವರೆಗೆ, ಆನೆ ಬಂದು ಒದ್ದರೂ ಅಲುಗಾಡುತ್ತಿರಲಿಲ್ಲ.

ಅಳತೆಯಣ್ಣ ಆ ಬೀದಿಯ ಬಡಗಿ. ಕಿವಿಯ ಮೇಲೆ ಪೆನ್ಸಿಲ್ ಇಲ್ಲದೆ ಅವನನ್ನು ನೋಡಿದವರಿಲ್ಲ. ಊಟಕ್ಕೆ ಕೂತರೆ ತಟ್ಟೆ ಮೇಜಿನ ಅಂಚಿಗೆ ನೇರವಾಗಿದೆಯೇ ಎಂದು ಒಂದು ಕಣ್ಣು ಮುಚ್ಚಿ ನೋಡಿಯೇ ತುತ್ತು ಎತ್ತುತ್ತಿದ್ದ. ಮದುವೆಯಾದ ಹೊಸದರಲ್ಲಿ ಹೆಂಡತಿಯ ತವರಿಗೆ ಹೋದವನು, ಹೊಸ್ತಿಲ ಮೇಲೆಯೇ ನಿಂತು, “ಅತ್ತೆ, ನಿಮ್ಮ ಬಾಗಿಲು ಓರೆ ಇದೆ” ಎಂದುಬಿಟ್ಟಿದ್ದ. ಅತ್ತೆ ಅದನ್ನು ಮರೆಯಲಿಲ್ಲ. ಅಂದಿನಿಂದ ಅವನ ಮನೆಗೆ ಬಂದಾಗಲೆಲ್ಲ ಅವರೂ ಹೊಸ್ತಿಲ ಮೇಲೆಯೇ ಶುರುಮಾಡುತ್ತಿದ್ದರು. ಗಾಳಿ ಇಲ್ಲ. ಗರಗಸದ ಸದ್ದು. ಹೊತ್ತಲ್ಲದ ಹೊತ್ತಲ್ಲಿ ಬರುವ ಗಿರಾಕಿಗಳ ಮುಖ. ಎರಡನೇ ದಿನಕ್ಕೇ ಚೀಲ ಕಟ್ಟಿಕೊಂಡು ಹೊರಟುಬಿಡುತ್ತಿದ್ದರು. ಈ ಒಂದು ಉಪಕಾರಕ್ಕಾಗಿ ಅಳತೆಯಣ್ಣ ತನ್ನ ಗರಗಸಕ್ಕೆ ದಿನಾ ತಪ್ಪದೆ ಎಣ್ಣೆ ಹಾಕುತ್ತಿದ್ದ.

ಹೀಗಿರುವಾಗ ಒಂದು ಹದ್ದು ಅವನ ಬಾಳಿನಲ್ಲಿ ಬಂತು. ಅಂಗಡಿಯ ಮುಂದೆ ಒರಗಿಸಿಟ್ಟಿದ್ದ ಬೀರುವಿನ ಕನ್ನಡಿಯಲ್ಲಿ ತನ್ನನ್ನೇ ಕಂಡು, ಯಾರೋ ದಾಯಾದಿ ಎಂದುಕೊಂಡು ಮೇಲೆರಗಿತು. ಕನ್ನಡಿ ಉಳಿಯಿತು, ರೆಕ್ಕೆಯ ಮೂಳೆ ಮುರಿಯಿತು. ಅಳತೆಯಣ್ಣ ಕಂಬಳಿಯಲ್ಲಿ ಸುತ್ತಿಕೊಂಡು ಹಕ್ಕಿಗಳ ಡಾಕ್ಟ್ರಮ್ಮನ ಬಳಿಗೆ ಓಡಿದ. ಆಕೆ ಮೂಳೆ ಕೂಡಿಸಿ ಪಟ್ಟಿ ಕಟ್ಟಿ, ಹದ್ದನ್ನು ಮತ್ತೆ ಅವನ ಕೈಗೇ ಇಟ್ಟರು.

“ನಮ್ಮಲ್ಲಿ ಜಾಗ ಇಲ್ಲ. ಕತ್ತಲೆ ಇರೋ ಚಿಕ್ಕ ಕೋಣೇಲಿ ಇಟ್ಕೊಳ್ಳಿ. ಮೂಳೆ ಗಟ್ಟಿಯಾದ ಮೇಲೆ ಇದಕ್ಕೆ ಮತ್ತೆ ಹಾರೋದು ಅಭ್ಯಾಸ ಆಗ್ಬೇಕು, ಅದಕ್ಕೆ ಉದ್ದನೆಯ ಗೂಡು ಬೇಕು. ಬಡಗಿ ಅಂತೀರಿ, ಕಟ್ಟಿ.”

ಅವನ ಮನೆಯಲ್ಲಿ ಕತ್ತಲೆಯಿರುವ ಚಿಕ್ಕ ಕೋಣೆ ಎಂದರೆ ಬಚ್ಚಲುಮನೆ ಒಂದೇ. ಅಂದಿನಿಂದ ಗಂಡ ಹೆಂಡತಿ ಟವೆಲು ಹೆಗಲಿಗೆ ಹಾಕಿಕೊಂಡು ಮಹಡಿಯ ಮೇಲಿನ ಅಜ್ಜಿಯ ಮನೆಗೆ ಸ್ನಾನಕ್ಕೆ ಹೋಗತೊಡಗಿದರು. ಹದ್ದು ನೀರು ಕಾಯಿಸುವ ಡಬ್ಬದ ಮೇಲೆ ಕೂತು, ಬಾಗಿಲು ತೆಗೆದವರನ್ನೆಲ್ಲ ಬಾಡಿಗೆ ಬಾಕಿ ಉಳಿಸಿಕೊಂಡವರನ್ನು ನೋಡುವಂತೆ ನೋಡುತ್ತಿತ್ತು.

ಹದ್ದಿನ ಗೂಡು ಕೋಳಿಗೂಡಿನ ಹಾಗಲ್ಲ ಎಂದು ಡಾಕ್ಟ್ರಮ್ಮ ಮೊದಲೇ ಎಚ್ಚರಿಸಿದ್ದರು. ಸೂರಿಗೆ ತಂತಿ ಬಲೆ ಕೂಡದು, ಗರಿ ಸಿಕ್ಕಿ ಮುರಿಯುತ್ತದೆ. ಮರದ ಪಟ್ಟಿಗಳನ್ನು ಸಾಲಾಗಿ ಹೊಡೆಯಬೇಕು. ಅರ್ಧ ಬಿಸಿಲು, ಅರ್ಧ ನೆರಳು ಇರಬೇಕು. ಆ ತುದಿಗೊಂದು ಈ ತುದಿಗೊಂದು ಕೂರುವ ದಂಡ, ಅಂಗಾಲು ನೋಯದಂತೆ ಅದಕ್ಕೆ ಮೆತ್ತಗೆ ಹಗ್ಗ ಸುತ್ತಬೇಕು. ಮನುಷ್ಯರ ಮುಖ ಕಾಣಬಾರದು, ಗಲಾಟೆ ಕೇಳಬಾರದು. ಜನ ರೂಢಿಯಾದರೆ ಹದ್ದು ಮತ್ತೆ ಆಕಾಶಕ್ಕೆ ಹೋಗುವುದಿಲ್ಲ. ಊಟ ಕೂಡ ಮೇಲಿನಿಂದ ಕೊಳವೆಯಲ್ಲಿ ಜಾರಿ ಬರಬೇಕು. ಬಾಗಿಲು ಎರಡು, ನಡುವೆ ಒಬ್ಬರು ನಿಲ್ಲುವಷ್ಟು ಜಾಗ. ಒಂದನ್ನು ಮುಚ್ಚಿಯೇ ಇನ್ನೊಂದನ್ನು ತೆಗೆಯಬೇಕು, ಇಲ್ಲದಿದ್ದರೆ ಹಕ್ಕಿ ಪರಾರಿ.

“ಮುಖ್ಯವಾಗಿ, ಒಳಗಡೆ ಒಂದು ಮೊಳೆ ತಲೆ, ಒಂದು ಕೊಂಡಿ, ಒಂದು ಚಿಲಕ ಕೂಡ ಚಾಚಿಕೊಂಡಿರಬಾರ್ದು. ರೆಕ್ಕೆ ತಾಗಿದ್ರೆ ಮುಗೀತು. ಎಲ್ಲಾ ಹೊರಗಡೆಯಿಂದಾನೇ.”

ಹೇಳಿದ್ದಕ್ಕಿಂತ ಹೆಚ್ಚು ಮಾಡುವುದು ಅಳತೆಯಣ್ಣನ ಜಾಯಮಾನ. ಗಲಾಟೆ ಕೇಳಬಾರದು ಎಂದಿದ್ದರಲ್ಲ, ಹಿತ್ತಲಿನಲ್ಲಿ ಎದ್ದ ಗೂಡಿಗೆ ಎರಡೆರಡು ಪದರ ಹಲಗೆಯ ಗೋಡೆ ಹೊಡೆದು, ನಡುವೆ ಅಂಗಡಿಯ ಮರದ ಹುಡಿಯನ್ನೆಲ್ಲ ಗಿಡಿದು ತುಂಬಿದ. ಯಾರೂ ಮರೆತು ಬಾಗಿಲು ತೆರೆದಿಟ್ಟು ಹೋಗಬಾರದೆಂದು, ಹಗ್ಗಕ್ಕೆ ಕಲ್ಲು ಕಟ್ಟಿ ಬಾಗಿಲು ತಾನಾಗಿ ಮುಚ್ಚುವಂತೆ ಮಾಡಿ, ಎರಡಕ್ಕೂ ಹೊರಮೈಗೆ ಆ ತಾನಾಗಿ ಬೀಳುವ ಚಿಲಕ ಹಾಕಿದ. ಬಾಗಿಲುಗಳಲ್ಲಿ ಇಣುಕಲು ಎದುರುಬದುರಾಗಿ ಗೋಲಿಯಷ್ಟು ತೂತು. ಊಟದ ಕೊಳವೆಯ ತುದಿ ಮಹಡಿ ಅಜ್ಜಿಯ ಬಾಲ್ಕನಿಯಲ್ಲಿ. ಅಜ್ಜಿಗೆ ಕಿವಿ ಅಷ್ಟಕ್ಕಷ್ಟೆ, ಆದರೆ ಉಣಿಸುವ ಉತ್ಸಾಹ ಬಹಳ. ಹಕ್ಕಿ ಕೂಗಿದಾಗ ಒಂದು ತುಂಡು ಮಾಂಸ ಜಾರಿಬಿಡುವುದು ಆಕೆಯ ಕೆಲಸ. ಬೀದಿಯವರು ಗೂಡಿಗೆ ‘ಹದ್ದಿನ ಬಂಗಲೆ’ ಎಂದು ಹೆಸರಿಟ್ಟರು.

ಬಂಗಲೆ ಮುಗಿದ ದಿನ ಬೆಳಿಗ್ಗೆ ಹೆಂಡತಿ ಸೊಂಟಕ್ಕೆ ಕೈಕೊಟ್ಟು ಹಿತ್ತಲಿನಲ್ಲಿ ನಿಂತಳು.

“ರೀ, ಅಮ್ಮ ಇವತ್ತು ಸಂಜೆ ಬಸ್ಸಿಗೆ ಬರ್ತಾಳೆ. ಬಂದವಳೇ ಸ್ನಾನಕ್ಕೆ ಹೋಗೋದು ಅವಳ ಪದ್ಧತಿ. ಅಷ್ಟ್ರಲ್ಲಿ ಬಚ್ಚಲುಮನೆ ನನ್ನ ಕೈಗೆ ಬರ್ಬೇಕು. ಇಲ್ಲಾಂದ್ರೆ ಅಮ್ಮನ ಜೊತೆ ನಾನೂ ಬಸ್ಸು ಹತ್ತೋಳೇ. ನೀವೂ ನಿಮ್ಮ ಹದ್ದೂ ಸುಖವಾಗಿ ಸಂಸಾರ ಮಾಡ್ಕೊಂಡಿರಿ.”

“ಅಯ್ಯೋ, ಮಧ್ಯಾಹ್ನ ಡಾಕ್ಟ್ರಮ್ಮ ಬರ್ತಾರೆ ಕಣೇ. ನೋಡಿ ಸೈ ಅಂದ ಗಳಿಗೇಲೇ ಹದ್ದು ಹೊಸ ಮನೆಗೆ. ನೀನು ಬಚ್ಚಲು ತೊಳೆಯೋಕೆ ಸೋಪು ತಗೊಂಡು ಬಾ, ಹೋಗು.”

ಅವಳು ಚೀಲ ಹಿಡಿದು ಪೇಟೆಗೆ ಹೋದಳು. ಅವಳು ಹೋದದ್ದೇ ತಡ, ಕಾಂಪೌಂಡಿನ ಮೇಲಿಂದ ಪಕ್ಕದ ಮನೆಯ ಸೀಟಿ ಮೇಷ್ಟ್ರ ತಲೆ ಮೂಡಿತು. ಅವರು ಡ್ರಿಲ್ ಮಾಸ್ತರಾಗಿದ್ದು ನಿವೃತ್ತರಾದವರು. ಶಾಲೆ ಬಿಟ್ಟರೂ ಕೊರಳಿನ ಸೀಟಿ ಬಿಟ್ಟಿರಲಿಲ್ಲ.

“ಪರೀಕ್ಷೆ ಆಯ್ತೇನಯ್ಯಾ?”

“ಈಗ ಮಾಡ್ಬೇಕು ಮೇಷ್ಟ್ರೇ. ಒಳಗೆ ಹೋಗಿ ಅಂಗಿ ತೋಳಿಂದ ಗೋಡೆಯೆಲ್ಲಾ ಸವರಿ ನೋಡಿ ಅಂದಿದ್ದಾರೆ ಡಾಕ್ಟ್ರಮ್ಮ. ತೋಳು ಸಿಕ್ಕಿಕೊಂಡ ಕಡೆ ಗರಿನೂ ಸಿಕ್ಕಿಕೊಳ್ಳುತ್ತಂತೆ.”

“ತೋಳು!” ಮೇಷ್ಟ್ರು ಕಾಂಪೌಂಡು ಹಾರಿ ಈಚೆಗೆ ಬಂದರು. “ನಿನ್ನ ತೋಳೇನು, ಹದ್ದಿನ ರೆಕ್ಕೆಯೇನು? ಅಳತೆ ಅಳತೆ ಅಂತೀಯ, ಅಷ್ಟು ಗೊತ್ತಾಗ್ಲಿಲ್ವ? ರೆಕ್ಕೆಯ ಉದ್ದ ಬೇಕಯ್ಯಾ. ಮನೇಲಿ ಪೊರಕೆ ಇದೆಯಾ?”

ಅಳತೆಯ ಮಾತು ಬಂದರೆ ಅಳತೆಯಣ್ಣನ ಬುದ್ಧಿ ಕೈಕೊಡುತ್ತಿತ್ತು. ಮೇಷ್ಟ್ರು ಹೇಳಿದ್ದು ನಿಜ ಎನಿಸಿತು. ಒಳಗೆ ಹೋಗಿ ಹೆಂಡತಿ ಹೊಸದಾಗಿ ತಂದಿದ್ದ ಎರಡು ಹುಲ್ಲಿನ ಪೊರಕೆ ತಂದ. ಮೇಷ್ಟ್ರು ಅವನ್ನು ಅವನ ಎರಡೂ ಕೈಗೆ, ಬೆರಳು ಕೂಡ ಹೊರಗೆ ಕಾಣದಂತೆ, ಮೊಣಕೈವರೆಗೆ ಹಗ್ಗ ಸುತ್ತಿ ಬಿಗಿದರು.

“ಸ್ವಲ್ಪ ಸಡಿಲ ಮಾಡಿ ಮೇಷ್ಟ್ರೇ.”

“ಶಿಬಿರದಲ್ಲಿ ಡೇರೆ ಕಟ್ತಿದ್ದ ಗಂಟು ಇದು. ಬಿರುಗಾಳಿಗೂ ಬಿಚ್ಚಿಲ್ಲ!”

ಬಿಚ್ಚುವುದಿಲ್ಲ ಎಂಬುದು ಮುಂದೆ ಚೆನ್ನಾಗಿ ಗೊತ್ತಾಯಿತು. ಅಳತೆಯಣ್ಣ ಒಳಗೆ ಹೋದ. ಬಾಗಿಲುಗಳು ಒಂದರ ಹಿಂದೊಂದು ಮುಚ್ಚಿಕೊಂಡವು. ಟಕ್, ಟಕ್. ಮೇಷ್ಟ್ರು ಏಣಿ ಹಾಕಿಕೊಂಡು ಸೂರಿನ ಪಟ್ಟಿಗಳ ಸಂದಿನಿಂದ ಇಣುಕಿ ಸೀಟಿ ಊದಿದರು.

“ರೆಕ್ಕೆ ಬಿಚ್ಚು! ಓಡು! ಎಡಕ್ಕೆ ತಿರುಗು! ಹಾರಯ್ಯಾ, ಕೋಳಿ ಹಾಗೆ ಕುಪ್ಪಳಿಸ್ಬೇಡ! ಈಗ ದಂಡದ ಮೇಲೆ ಕೂತ್ಕೋ!”

ಅಳತೆಯಣ್ಣ ಪೊರಕೆ ಬೀಸಿಕೊಂಡು ಆ ತುದಿಯಿಂದ ಈ ತುದಿಗೆ ಓಡಿದ, ಕುಪ್ಪಳಿಸಿದ, ಮೊದಲೆರಡು ಸಲ ಮುಗ್ಗರಿಸಿ ಮೂರನೆಯದಕ್ಕೆ ದಂಡ ಹತ್ತಿ ಕುಕ್ಕರಗಾಲಿನಲ್ಲಿ ಕೂತ. ಪೊರಕೆಯ ಒಂದು ಕಡ್ಡಿಯೂ ಎಲ್ಲಿಯೂ ಸಿಕ್ಕಿಕೊಳ್ಳಲಿಲ್ಲ. ದಂಡದ ಹಗ್ಗ ಅಂಗಾಲಿಗೆ ಹಿತವಾಗಿತ್ತು. ‘ಎಂಥಾ ಕೆಲಸ ಮಾಡಿದ್ದೀನಿ’ ಎಂದು ಅವನಿಗೇ ಕಣ್ಣು ತುಂಬಿ ಬಂತು.

ಅಷ್ಟರಲ್ಲಿ ಪಕ್ಕದ ಮನೆಯಿಂದ, “ನಲ್ಲೀಲಿ ನೀರು ಬಂತೂ!” ಎಂಬ ಕೂಗು. ಮೇಷ್ಟ್ರು ಮನೆಗೆ ಬೆಂಕಿ ಬಿದ್ದವರಂತೆ ಏಣಿ ಇಳಿದು ಓಡಿದರು. ನೀರು ಬಂದಾಗ ಅವರು ತಮ್ಮ ಹೆಸರನ್ನೂ ಮರೆಯುವವರು. ಪಂಜರದಲ್ಲಿರುವ ಬಡಗಿಯ ಗತಿಯೇನು!

ಅಳತೆಯಣ್ಣ ಸ್ವಲ್ಪ ಹೊತ್ತು ಕಾದ. ಆಮೇಲೆ ಬಾಗಿಲ ಬಳಿ ಹೋಗಿ ನೂಕಿದ. ಹೆಗಲು ಕೊಟ್ಟು ನೂಕಿದ. ಚಿಲಕ ತನ್ನನ್ನು ಮಾಡಿದವನ ಮಾನ ಉಳಿಸಿತು, ಅಲುಗಲಿಲ್ಲ. ಒಳಗಿನಿಂದ ಹಿಡಿಯಲು ಕೊಂಡಿಯಿಲ್ಲ, ಮೊಳೆಯಿಲ್ಲ, ಹಿಡಿಯುವುದಕ್ಕೆ ಕೈಯೂ ಇಲ್ಲ. ಗಂಟನ್ನು ಹಲ್ಲಿನಿಂದ ಬಿಚ್ಚಲು ಹೋಗಿ ಬಾಯ್ತುಂಬ ಪೊರಕೆ ಕಡ್ಡಿ ತುಂಬಿಕೊಂಡ. ಕೂಗಿದ. ಮರದ ಹುಡಿ ತುಂಬಿದ ಗೋಡೆ ಆ ಕೂಗನ್ನು ಹತ್ತಿ ನೀರು ಹೀರಿದಂತೆ ಹೀರಿಕೊಂಡಿತು. ಅವನು ಮುಖ ಮೇಲೆತ್ತಿ ಸೂರಿನ ಸಂದಿಗೆ ಬಾಯಿ ಕೊಟ್ಟು, “ಅಜ್ಜೀ!” ಎಂದು ಅರಚಿದ.

ಮೇಲೆ ಬಾಲ್ಕನಿಯಲ್ಲಿ ಅಜ್ಜಿಯ ಮುಖ ಅರಳಿತು. “ಬಂದುಬಿಟ್ಯಾ ಹೊಸ ಮನೆಗೆ? ಹಸಿವಾಯ್ತಾ ರಾಜಾ? ತಾಳು, ತಾಳು.”

ಕೊಳವೆಯಲ್ಲಿ ಏನೋ ಜಾರಿ ಬಂದು ಅವನ ನೆತ್ತಿಯ ಮೇಲೆ ಪಚಕ್ಕನೆ ಬಿತ್ತು. ಹಸಿ ಮಾಂಸ.

“ಅಜ್ಜೀ, ನಾನು! ಬಡಗಿ!”

“ಸಾಕಾಗ್ಲಿಲ್ವಾ? ಗಂಟಲು ಹರ್ಕೋಬೇಡ ನನ್ನಪ್ಪಾ, ಇನ್ನೊಂದು ಹಾಕ್ತೀನಿ.”

ಅವನು ಕೂಗಿದಷ್ಟೂ ಮಾಂಸ ಬಂತು. ಕೊನೆಗೆ ಬಾಯಿ ಮುಚ್ಚಿಕೊಂಡು ದಂಡದ ಮೇಲೆ ಮುದುರಿ ಕೂತ. ಇಷ್ಟು ವರ್ಷದ ಬದುಕಿನಲ್ಲಿ ಯಾರೂ ಅವನನ್ನು ರಾಜಾ ಎಂದಿರಲಿಲ್ಲ. ಈಗ ಕರೆಯುತ್ತಿದ್ದಾರೆ, ಆದರೆ ಹದ್ದಿನ ಲೆಕ್ಕದಲ್ಲಿ.

ಇತ್ತ ಹೆಂಡತಿ ಪೇಟೆಯಿಂದ ಮರಳಿದಾಗ ಜೊತೆಯಲ್ಲಿ ಅವಳ ಅಮ್ಮನೂ ಇದ್ದರು. ಸಂಜೆ ಬಸ್ಸಿನ ಸೀಟು ಗಟ್ಟಿ ಎಂದು ಯಾರೋ ಹೇಳಿದ್ದರಂತೆ, ಅದಕ್ಕೆ ಅತ್ತೆ ಬೆಳಗಿನ ಬಸ್ಸಿಗೇ ಬಂದಿಳಿದಿದ್ದರು. ಗಂಡ ಕಾಣದೆ ಹೆಂಡತಿ ಗಾಬರಿಯಾಗಿ ಬಾಲ್ಕನಿಯ ಕಡೆ ಕೂಗಿ ಕೈಸನ್ನೆ ಮಾಡಿ ಕೇಳಿದಳು.

“ಗಂಡ ಗೊತ್ತಿಲ್ಲಮ್ಮಾ,” ಎಂದರು ಅಜ್ಜಿ. “ಹದ್ದು ಮಾತ್ರ ಬಂಗಲೇಲಿ ಸೊಂಪಾಗಿದೆ. ಬೆಳಗ್ಗೆಯಿಂದ ಒಂದೇ ಸಮ ತಿಂತಿದೆ.”

ಹೆಂಡತಿಯ ಎದೆಯ ಭಾರ ಇಳಿಯಿತು. “ನೋಡಮ್ಮಾ, ನಿನ್ನ ಅಳಿಯ ಒಂದ್ಸಲ ಹೇಳಿದ್ದನ್ನ ಹೇಳಿದ ಹೊತ್ತಿಗೆ ಮಾಡಿದ್ದಾರೆ,” ಎಂದಳು. ಆ ಬಾಯಿಂದ ಅಂಥ ಮಾತು ಹೊರಬಿದ್ದದ್ದು ಅದೇ ಮೊದಲು. ಅದನ್ನು ಕೇಳಬೇಕಾದವನು ಎರಡು ಪದರ ಹಲಗೆಯ ಆಚೆ ತಲೆಯ ಮೇಲಿನ ಮಾಂಸವನ್ನು ಪೊರಕೆಯಿಂದ ಗುಡಿಸಿಕೊಳ್ಳುತ್ತಿದ್ದ.

“ಬಾಗಿಲು ಓರೆ ಇಲ್ವಲ್ಲ?” ಎಂದು ಅತ್ತೆ ಮೂಗು ಮುರಿದು, ಟವೆಲು ಹಿಡಿದು ನೇರವಾಗಿ ಬಚ್ಚಲುಮನೆಗೆ ನಡೆದರು.

ಕತ್ತಲೆಯಲ್ಲಿ ಎರಡು ಹಳದಿ ಕಣ್ಣು ಅವರನ್ನು ನೋಡಿದವು. ಹದ್ದು ತನ್ನ ವಾಸಿಯಾದ ರೆಕ್ಕೆ ಬಿಚ್ಚಿತು. ಗೋಡೆಯಿಂದ ಗೋಡೆಗೆ ಮುಟ್ಟಿತು. ಅತ್ತೆ ಹಾಕಿದ ಚೀರಾಟಕ್ಕೆ ಅಡುಗೆಮನೆಯ ಪಾತ್ರೆಗಳು ದನಿಗೂಡಿಸಿದವು. ಹೆಂಡತಿ ಓಡಿಬಂದು ಬಚ್ಚಲ ಬಾಗಿಲನ್ನು ಧಡಾರನೆ ಎಳೆದುಕೊಂಡು, ಹದ್ದು ಹೊರಬರದಂತೆ ಬೆನ್ನು ಕೊಟ್ಟು ನಿಂತಳು. ತಿರುಗಿ ನೋಡಿದರೆ ಅಮ್ಮನಿಲ್ಲ. ಬೀದಿ ಬಾಗಿಲು ತೆರೆದೇ ಇತ್ತು.

“ಮೇಷ್ಟ್ರೇ! ಅಮ್ಮ ಬೀದಿಗೆ ಓಡಿಹೋದ್ಲು, ಬನ್ನಿ!”

ಬಕೆಟ್ಟು ಹಿಡಿದು ನಿಂತಿದ್ದ ಮೇಷ್ಟ್ರು ಸೀಟಿ ಊದುತ್ತ ಓಡಿದರು. ಇಬ್ಬರೂ ಬಸ್‌ಸ್ಟ್ಯಾಂಡಿನ ದಾರಿ ಹಿಡಿದರು.

ಅತ್ತೆ ಓಡಿದ್ದು ಬೀದಿಗಲ್ಲ, ಹಿತ್ತಿಲಿಗೆ. ಅಲ್ಲಿ ಗಟ್ಟಿಮುಟ್ಟಾದ ಮರದ ಬಾಗಿಲೊಂದು ಕಂಡಿತು. ಚಿಲಕ ಎತ್ತಿ ನುಗ್ಗಿದರು. ಬೆನ್ನ ಹಿಂದೆ ಟಕ್. ಎದುರಿಗೆ ಇನ್ನೊಂದು ಬಾಗಿಲು. ಆ ಚಿಲಕವನ್ನೂ ಎತ್ತಿ ಒಳಗೆ ಕಾಲಿಟ್ಟರು.

ದಂಡದ ಮೇಲೆ ಕೂತು ತೂಕಡಿಸುತ್ತಿದ್ದ ಅಳತೆಯಣ್ಣನಿಗೆ ಬೆಳಕಿನ ಗೆರೆಯೊಂದು ಕಂಡಿತು. ಸ್ವರ್ಗದ ಬಾಗಿಲೇ ತೆರೆದಂತಾಗಿ, “ಬಾಗಿಲು! ಬಾಗಿಲು ಬಿಡಬೇಡೀ!” ಎಂದು ಪೊರಕೆಗಳನ್ನು ಅಗಲಿಸಿ ಹಾರಿದ. ಒಂದು ಹದ್ದಿನಿಂದ ತಪ್ಪಿಸಿಕೊಂಡು ಬಂದ ಅತ್ತೆಗೆ ಎದುರಿನಿಂದ ಅದರ ಅಪ್ಪನೇ ಎರಗಿದಂತೆ ಕಂಡಿತು. ಬಾಗಿಲು ಬಿಟ್ಟು ಎರಡೂ ಕೈಯಿಂದ ಮುಖ ಮುಚ್ಚಿಕೊಂಡರು.

ಟಕ್.

ಅತ್ತೆ ಬೆರಳ ಸಂದಿನಿಂದ ನೋಡಿದರು. ಕಿವಿಯ ಮೇಲಿನ ಪೆನ್ಸಿಲ್ ಗುರುತು ಸಿಕ್ಕಿತು.

“ಅಳಿಯಂದ್ರಾ?”

“ಹೌದು ಅತ್ತೆ. ಚೆನ್ನಾಗಿದ್ದೀರಾ? ಪ್ರಯಾಣ ಸುಖವಾಗಿತ್ತಾ?”

“ನನ್ನ ಸುಖ ಆಮೇಲೆ. ನೀವು ಯಾವಾಗಿಂದ ಹೀಗೆ?”

ಅವನು ಹೇಳಿದ. ಅತ್ತೆ ಕೇಳಿ ಹೂಂ ಎಂದು ಗಂಟು ಬಿಚ್ಚಲು ನೋಡಿದರು. ಮೇಷ್ಟ್ರ ಗಂಟು ಅವರಿಗೂ ಬಗ್ಗಲಿಲ್ಲ. ಹದ್ದು ಹೊರಗಿರುವಾಗ ಬಾಗಿಲು ತೆಗೆಸುವ ಮನಸ್ಸು ಅವರಿಗಿರಲಿಲ್ಲ, ಆದರೆ ಹಸಿವಿತ್ತು. ತಾವೂ ಒಂದು ಸಲ ಬಾಯಿ ಮೇಲೆ ಮಾಡಿ ಕೂಗಿದರು. ಅತ್ತೆಯ ಗಂಟಲು ಅಳಿಯನ ಗಂಟಲಿನಂತಲ್ಲ. ಅಜ್ಜಿಯ ಕಿವಿಗೂ ಅಕ್ಷರ ಅಕ್ಷರವಾಗಿ ಮುಟ್ಟಿತು.

“ಮಾಂಸ ಬೇಡ! ತಿನ್ನೋಕೆ ಏನಾದ್ರೂ ಒಳ್ಳೇದು ಕಳ್ಸಿ!”

ಅಜ್ಜಿ ಕೊಳವೆಯನ್ನೇ ದಿಟ್ಟಿಸಿ ನೋಡಿದರು. ಜನರ ಜೊತೆ ಇದ್ದರೆ ಹದ್ದು ಕೆಟ್ಟುಹೋಗುತ್ತದೆ ಎಂದು ಡಾಕ್ಟ್ರಮ್ಮ ಹೇಳಿದ್ದು ಇದನ್ನೇ ಇರಬೇಕು ಎಂದುಕೊಂಡರು. ಕೆಟ್ಟರೂ ಹಸಿವು ಹಸಿವೇ. ಬಿಸ್ಕತ್ತಿನ ಪೊಟ್ಟಣ ಜಾರಿ ಬಂತು. ಹಿಂದೆಯೇ ಎರಡು ಬಾಳೆಹಣ್ಣು. ಆಮೇಲೆ ಒಂದು ಬನ್ನು.

ಅತ್ತೆ ನೆರಳಿನ ಕಡೆಯ ದಂಡದ ಮೇಲೆ ಗೋಡೆಗೆ ಒರಗಿ ಕೂತು ಬನ್ನು ತಿಂದರು. ಕಾಲು ಚಾಚಿದರು. ಹಗ್ಗದ ಮೇಲೆ ಅಂಗಾಲು ಉಜ್ಜಿಕೊಂಡರು. ಆಮೇಲೆ ತಲೆ ಓರೆಮಾಡಿ ಏನನ್ನೋ ಆಲಿಸತೊಡಗಿದರು.

“ಅಳಿಯಂದ್ರೇ, ಏನೂ ಕೇಳಿಸ್ತಾ ಇಲ್ಲ.”

“ಮರದ ಹುಡಿ ತುಂಬಿದ್ದೀನಿ ಅತ್ತೆ.”

“ಹೂಂ. ಸ್ವಲ್ಪ ಸೆಖೆ. ಆ ಪೊರಕೆ ಹೇಗೂ ಕೈಯಲ್ಲೇ ಇದೆಯಲ್ಲ.”

ಮಧ್ಯಾಹ್ನ ಡಾಕ್ಟ್ರಮ್ಮ ಬಂದಾಗ ಬಸ್‌ಸ್ಟ್ಯಾಂಡಿನಿಂದ ಬರಿಗೈಯಲ್ಲಿ ಮರಳಿದ ಹೆಂಡತಿ ಜಗುಲಿಯಲ್ಲಿ ಅಳುತ್ತ ಕೂತಿದ್ದಳು. ಮೇಷ್ಟ್ರು ಬಡಗಿಯ ನೆನಪೇ ಇಲ್ಲದೆ ಮತ್ತೆ ನಲ್ಲಿಯ ಬಳಿಗೆ ಓಡಿದ್ದರು. ಗಂಡನೂ ಇಲ್ಲ, ಅಮ್ಮನೂ ಇಲ್ಲ, ಬಚ್ಚಲಲ್ಲಿ ಹದ್ದು ಮಾತ್ರ ಇದೆ. ಹಾಗಾದರೆ ಬಂಗಲೆಯಲ್ಲಿ ತಿನ್ನುತ್ತಿರುವುದು ಯಾವ ಹದ್ದು? ಅಷ್ಟರಲ್ಲಿ ಬಾಲ್ಕನಿಯಿಂದ ಅಜ್ಜಿ ಬಗ್ಗಿದರು.

“ಡಾಕ್ಟ್ರಮ್ಮಾ, ಅದು ಈಗ ಚಹಾ ಕೇಳ್ತಿದೆ. ಕೊಳವೇಲಿ ಹೇಗೆ ಕಳ್ಸ್ಲಿ?”

ಡಾಕ್ಟ್ರಮ್ಮ ಹಿತ್ತಿಲಿಗೆ ಹೋಗಿ ಗೋಲಿಯಷ್ಟು ತೂತಿಗೆ ಕಣ್ಣಿಟ್ಟರು. ಬಹಳ ಹೊತ್ತು ಇಟ್ಟರು. ದಂಡದ ಮೇಲೆ ದಪ್ಪನೆಯ ಹೆಂಗಸೊಬ್ಬರು ಗೋಡೆಗೆ ತಲೆ ಆನಿಸಿ ಕಣ್ಣು ಮುಚ್ಚಿದ್ದರು. ಪಕ್ಕದಲ್ಲಿ ನಿಂತ ಬಡಗಿ ಎರಡೂ ರೆಕ್ಕೆಯಿಂದ ಅವರಿಗೆ ಗಾಳಿ ಬೀಸುತ್ತಿದ್ದ.

ಚಿಲಕಗಳು ಎದ್ದವು. ಅಳತೆಯಣ್ಣ ಈಟಿಯಂತೆ ಹೊರಗೆ ಬಂದ. ಮೇಷ್ಟ್ರು ಗಂಟು ಬಿಚ್ಚಲು ಕೂತು, ಕೊನೆಗೆ ಕತ್ತರಿ ಹಾಕಿದರು. ಡಾಕ್ಟ್ರಮ್ಮ ಮಾತ್ರ ಒಳಗೆಲ್ಲ ಅಂಗೈ ಸವರಿ ನೋಡಿ, “ಇಂಥಾ ಕೆಲಸ ನಾನು ಎಲ್ಲೂ ನೋಡಿಲ್ಲ. ತನ್ನಿ ಹದ್ದನ್ನ!” ಎಂದರು. ಅಳತೆಯಣ್ಣನ ಕಣ್ಣು ಎರಡನೇ ಸಲ ತುಂಬಿತು. ಹೆಂಡತಿ ಸೋಪು ಹುಡುಕಲು ಓಡಿದಳು.

“ಅತ್ತೆ, ಏಳಿ. ಹದ್ದು ಬರುತ್ತೆ.”

ಅತ್ತೆ ಕಣ್ಣು ಬಿಡಲಿಲ್ಲ. “ಎಲ್ಲಿಗೆ ಏಳೋದು? ಇಷ್ಟು ವರ್ಷದಲ್ಲಿ ಮೊದಲ್ನೇ ಸಲ ನಿಮ್ಮ ಮನೇಲಿ ನಂಗೆ ಉಸಿರಾಡೋಕೆ ಆಗ್ತಿದೆ. ಗಾಳಿ ಇದೆ, ಬಿಸಿಲಿದೆ, ನೆರಳಿದೆ. ನಿಮ್ಮ ದರಿದ್ರ ಗರಗಸ ಕೇಳಿಸೋಲ್ಲ. ಒಬ್ಬರ ಮುಖ ಕಾಣೋಲ್ಲ. ಕೂಗಿದ್ರೆ ಮೇಲಿಂದ ಊಟ ಬರುತ್ತೆ. ಅಳಿಯಂದ್ರೇ, ಬಾಗಿಲೂ ನೇರವಾಗಿದೆ, ಚೆನ್ನಾಗಿದೆ. ಮನಸ್ಸು ಮಾಡಿದ್ರೆ ಕಟ್ತೀರಿ ನೀವು.”

“ಅಮ್ಮಾ, ಅದು ಹದ್ದಿಗೆ...” ಎಂದು ಸೋಪು ಹಿಡಿದು ಬಂದ ಹೆಂಡತಿ ರಾಗ ಎಳೆದಳು.

“ಹದ್ದು ಇಷ್ಟು ದಿನ ಬಚ್ಚಲಲ್ಲಿ ಚೆನ್ನಾಗೇ ಇತ್ತಲ್ಲ. ನಾನು ಮಹಡಿ ಮೇಲೆ ಸ್ನಾನ ಮಾಡ್ಕೋತೀನಿ. ಆ ಅಜ್ಜಿ ಒಳ್ಳೆಯವರು.”

ಹೆಂಡತಿ ಗಂಡನ ಮುಖ ನೋಡಿದಳು, ಅಮ್ಮನ ಮುಖ ನೋಡಿದಳು. ಆಮೇಲೆ ಗಂಡನ ಕಿವಿಯಲ್ಲಿ, “ರೀ, ಹುಟ್ಟಿದಾಗಿಂದ ಅಮ್ಮನ ಬಾಯಲ್ಲಿ ‘ಚೆನ್ನಾಗಿದೆ’ ಅನ್ನೋದು ಕೇಳಿರ್ಲಿಲ್ಲ ನಾನು. ಇರ್ಲಿ ಬಿಡ್ರಿ,” ಎಂದಳು. ಬಸ್ಸು ಹತ್ತುವ ಮಾತು ಅವಳಿಗೆ ನೆನಪೇ ಇದ್ದಂತಿರಲಿಲ್ಲ.

ಅಳತೆಯಣ್ಣ ಕೊನೆಯ ಆಸೆಯಿಂದ ಡಾಕ್ಟ್ರಮ್ಮನ ಕಡೆ ತಿರುಗಿದ. “ನೀವಾದ್ರೂ ಹೇಳಿ.”

ಡಾಕ್ಟ್ರಮ್ಮ ತೂತಿನಲ್ಲಿ ಇನ್ನೊಮ್ಮೆ ನೋಡಿ ದನಿ ತಗ್ಗಿಸಿದರು. “ನನ್ನ ಅನುಭವ ಕೇಳಿದ್ರೆ, ಒಂದ್ಸಲ ಜಾಗ ಒಗ್ಗಿ ಕೂತ ಮೇಲೆ ಬಲವಂತವಾಗಿ ಎಬ್ಬಿಸಬಾರ್ದು. ತಾವೂ ಗಾಯ ಮಾಡ್ಕೊಳ್ತಾರೆ, ಎಬ್ಬಿಸೋರಿಗೂ ಮಾಡ್ತಾರೆ. ಹದ್ದಿಗೆ ಇನ್ನೊಂದು ಕಟ್ಟಿಬಿಡಿ.” ಅವರು ಮನೆಯೊಳಗೆ ಇಣುಕಿದರು. “ನಿಮ್ಮ ನಡುಮನೆ ಒಳ್ಳೇ ಉದ್ದ ಇದೆಯಲ್ಲ!”

ಇಳಿಹೊತ್ತಿನಲ್ಲಿ ಅಳತೆಯಣ್ಣ ನಡುಮನೆಗೆ ಟೇಪು ಹಿಡಿದು ನಿಂತಿದ್ದಾಗ ಹಿತ್ತಿಲಿನಿಂದ ಕರೆ ಬಂತು. ಹೋದ. ಅತ್ತೆ ಬಾಗಿಲಲ್ಲಿ ನಿಂತಿದ್ದರು.

“ಎಲ್ಲಾ ಸರಿ ಅಳಿಯಂದ್ರೇ, ಈ ಚಿಲಕ ಮಾತ್ರ ಸರಿ ಇಲ್ಲ. ಹೆಂಗಸರು ಇರೋ ಜಾಗ. ಒಳಗಡೆ ಹಾಕಿ. ನಾಳೆ ನನ್ನ ತಂಗಿ ಬೇರೆ ಬರ್ತಾಳೆ, ಹೇಳಿ ಕಳಿಸಿದ್ದೀನಿ. ಕೂರೋಕೆ ದಂಡ ಎರಡಿದೆಯಲ್ಲ.”

“ಒಳಗಡೆ ಚಿಲಕ ಹಾಕಿದ್ರೆ ಆಮೇಲೆ ಹದ್ದನ್ನ ಬಿಡೋಕಾಗಲ್ಲ ಅತ್ತೆ. ಗರಿ ಸಿಕ್ಕಿಕೊಳ್ಳುತ್ತೆ.”

“ಅದಕ್ಕೇ ಹೇಳ್ತಿರೋದು.”

ಅವನು ಪೆನ್ಸಿಲ್ ತೆಗೆದು, ಗುರುತು ಹಾಕಿ, ತೂತು ಕೊರೆಯುವ ಬೈರಿಗೆ ತಿರುಗಿಸಿದ. ಚಿಲಕ ಒಳಮೈಗೆ ಕೂತಿತು. ಅತ್ತೆ ಅವನನ್ನು ಹೊರಗೆ ಕಳಿಸಿ ಬಾಗಿಲು ಬಿಟ್ಟರು.

ಟಕ್.

ಮನೆಯೊಳಗೆ ಬಚ್ಚಲಿನಿಂದ ಹದ್ದು ಕೂಗುತ್ತಿತ್ತು. ಅಳತೆಯಣ್ಣ ಅಭ್ಯಾಸಬಲದಿಂದ ಒಂದು ಕಣ್ಣು ಮುಚ್ಚಿ ಬಾಗಿಲಿನ ಅಂಚನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದ. ಕೂದಲೆಳೆ ತೂರುವಷ್ಟು ಸಂದೂ ಇರಲಿಲ್ಲ.